ಕಂದು ಚುಕ್ಕೆಗಳ ಸುಳ್ಳುಸಾಕ್ಷಿ

ಒಂದೇ ಗಂಟು. ಅದರಿಂದ ಮಾಡಿದ ಎರಡು ಗಾಜಿನ ಸ್ಲೈಡು. ಒಂದು ಹೌದೆಂದರೆ ಇನ್ನೊಂದು ಅಲ್ಲವೆನ್ನುತ್ತಿತ್ತು. ಆಸ್ಪತ್ರೆಯ ಲ್ಯಾಬಿನಲ್ಲಿ ಕೂತಿದ್ದ ಮರಿಡಾಕ್ಟರ್ ಹುಡುಗಿಗೆ ತಲೆ ಕೆಟ್ಟುಹೋಯಿತು.

ಗಂಟು ಎದುರಿನ ಕಟಿಂಗ್ ಶಾಪಿನ ಯಜಮಾನನದು; ಕಿವಿಯ ಕೆಳಗಿನ ಜೊಲ್ಲುಗ್ರಂಥಿಯಲ್ಲಿ ಬೆಳೆದ ಕ್ಯಾನ್ಸರ್. ಮಾಮೂಲಿ ಸ್ಲೈಡಿನಲ್ಲಿ ಜೀವಕೋಶಗಳು ತಣ್ಣಗೆ ಕೂತಿದ್ದವು—ಮೆಲ್ಲಗೆ ಬೆಳೆಯುವ ಜಾತಿ. ಆದರೆ ಅವು ಎಷ್ಟು ಬೇಗ ಹೆಚ್ಚುತ್ತಿವೆಯೆಂದು ತೋರಿಸುವ ಪ್ರೋಟೀನಿನ ಸ್ಲೈಡಿನಲ್ಲಿ ಎಲ್ಲೆಲ್ಲೂ ಕಂದು ಚುಕ್ಕೆ! ಇದೇ ನಿಜವಾದರೆ ಆಯುಷ್ಯ ಕಡಿಮೆ. ಇನ್ನೊಂದು ಆಪರೇಷನ್ ಆಗಬೇಕು, ಮುಖದ ನರವೂ ಹೋಗಬಹುದು. ಅರ್ಧ ಮುಖ ಜೋತುಬಿದ್ದರೆ ಆ ಮಾತಿನ ಮಲ್ಲ ಬದುಕುವುದಾದರೂ ಹೇಗೆ?

ಅವಳು ಹಿರಿಯ ಡಾಕ್ಟರನ್ನು ಕರೆದಳು. ಅವರ ಅಡ್ಡಹೆಸರೇ ಪತ್ತೇದಾರ. ತಲೆ ಪೂರ್ತಿ ಬೋಳು; ಆದರೂ ತಿಂಗಳಿಗೊಮ್ಮೆ ಕಟಿಂಗ್ ಶಾಪಿಗೆ ತಪ್ಪದೆ ಹೋಗುತ್ತಿದ್ದರು, ಬರೀ ಹರಟೆಗೆ.

"ಗಂಟೇ ಬದಲಾಗಿದೆಯೇನಮ್ಮ?"

"ಇಲ್ಲ ಸರ್. ನಂಬರು ಮತ್ತೆ ಮತ್ತೆ ನೋಡಿದೆ."

"ಬಣ್ಣ ಕೆಟ್ಟಿತ್ತೋ?"

"ನಿನ್ನೇದೂ ಇದೇ ಬಾಟ್ಲಿ. ಸರಿಯಾಗೇ ಬಂದಿತ್ತು."

"ಸ್ಲೈಡು ಮಾಡಿದ್ದು?"

"ಹೊಸ ಟೆಕ್ನಿಶಿಯನ್. ಇದೇ ಮೊದಲನೇದು."

ಪಕ್ಕದಲ್ಲಿದ್ದ ಹೊಸಬನ ಮುಖ ಬಿಳಿಚಿಕೊಂಡಿತು. "ನಾನೇನೂ ಹೆಚ್ಚುಕಮ್ಮಿ ಮಾಡಿಲ್ಲ ಸರ್."

ಪತ್ತೇದಾರರು ಪೆನ್ನೊಂದನ್ನು ಅವನತ್ತ ಎಸೆದರು. ಅವನು ಎಡಗೈಯಲ್ಲಿ ಗಪ್ಪನೆ ಹಿಡಿದ. ಅವರು ಸ್ಲೈಡನ್ನು ಬೆಳಕಿಗೆ ಹಿಡಿದು ನಕ್ಕರು.

"ಸಿಕ್ಕಿತು. ಪ್ರೋಟೀನ್ ಸ್ಲೈಡಲ್ಲಿ ಎರಡು ತುಂಡು ಕೂರಿಸ್ತೀವಿ. ರೋಗಿಯದೊಂದು, ಬಣ್ಣ ಹಿಡೀತೋ ಇಲ್ವೋ ನೋಡೋಕೆ ಬೇರೆಯವರ ಟಾನ್ಸಿಲ್ಲಿಂದೊಂದು. ಟಾನ್ಸಿಲ್ ಎಷ್ಟೇ ಚೆನ್ನಾಗಿದ್ರೂ ಅದರ ಕೋಶ ಹೆಚ್ಚುತ್ತಲೇ ಇರುತ್ತೆ, ಕಂದಾಗುತ್ತೆ. ನಮ್ಮಲ್ಲಿ ಅದು ಯಾವತ್ತೂ ಗಾಜಿನ ತುದಿಯ ನಂಬರ್ ಚೀಟಿ ಪಕ್ಕ. ಇವನು ಎಡಚ—ಗಾಜು ತಿರುಗಿಸಿ ಹಿಡಿದ. ಟಾನ್ಸಿಲ್ ಆ ತುದಿಗೆ ಹೋಯ್ತು, ರೋಗಿಯ ತುಂಡು ಚೀಟಿ ಪಕ್ಕ ಬಂತು."

"ಹಾಗಾದ್ರೆ ತಪ್ಪು ಇವನದೇ?"

"ಯಾವ ತುಂಡು ಎಲ್ಲಿ ಅಂತ ಇವನಿಗೆ ಯಾರು ಹೇಳಿಕೊಟ್ಟಿದ್ರು? ಚೀಟಿ ಪಕ್ಕದ ತುಂಡನ್ನ ಕಣ್ಣೆತ್ತಿಯೂ ನೋಡದೆ ದಾಟಿ, ಟಾನ್ಸಿಲ್ಲಿನ ಚುಕ್ಕೆ ಎಣಿಸಿದ್ದು ಯಾರು? ಅಪರಾಧಿ ನೀನೇ ಕಣಮ್ಮ."

ನಾಚಿಕೆಯಿಂದ ಅವಳು ಸೂಕ್ಷ್ಮದರ್ಶಕಕ್ಕೆ ಬಗ್ಗಿದಳು. ಚೀಟಿ ಪಕ್ಕದ ತುಂಡಿನಲ್ಲಿ ಕಂದು ಚುಕ್ಕೆ ಅಲ್ಲೊಂದು ಇಲ್ಲೊಂದು. ಹೋದ ಜೀವ ಬಂದಂತಾಯಿತು.

"ಶಿಕ್ಷೆ ಏನು ಸರ್?"

"ವಾರ್ಡಿಗೆ ಹೋಗಿ, ಇನ್ನೊಂದು ಆಪರೇಷನ್ ಬೇಡ ಅಂತ ನೀನೇ ಕಟಿಂಗ್ ಶಾಪಿನವನಿಗೆ ಹೇಳು. ಅವನ ಮಾತು ಮುಗಿಯೋ ತನಕ ಎದ್ದು ಬರಬೇಡ."

ಅವಳು ಹೋಗಿ ಹೇಳಿದಳು. ಕೆನ್ನೆಯ ಪಟ್ಟಿಯೊಳಗಿಂದಲೇ ಯಜಮಾನ ಬಾಯ್ತುಂಬ ನಕ್ಕ. ತುಟಿಯ ಎರಡು ಕೊನೆಯೂ ಸಮನಾಗಿ ಎದ್ದವು. ಆಮೇಲೆ ಮಾತು ಶುರುವಾಯಿತು. ಅವನು ನಿಲ್ಲಿಸಲಿಲ್ಲ, ಅವಳಿಗೂ ಎದ್ದು ಬರಬೇಕೆನಿಸಲಿಲ್ಲ.