ನಲವತ್ತೆರಡು ದಿನದ ಲೆಕ್ಕ

“ಕೈ ಅಲ್ಲಾಡಿಸ್ಬೇಡಿ ಅಂತ ಹೇಳಿದ್ನಲ್ಲ!”

ನರ್ಸ್ ಗದರಿದಳು. ಎದುರಿಗೆ ಕೂತಿದ್ದವನು ಗುಡ್ಡದಾಚೆಯ ಪಂಪ್‌ಹೌಸಿನ ಮೆಕ್ಯಾನಿಕ್. ಅಂಗೈ ಸೀಳಿ ರಕ್ತ ಸುರಿಯುತ್ತಿದ್ದರೂ ಅವನ ಕಣ್ಣು ಮಾತ್ರ ಅವಳ ಮುಖದ ಮೇಲೆ!

“ರೀ... ನಿಮ್ಮನ್ನ ಏನಂತ ಕರೀಲಿ?”

“ಸಿಸ್ಟರ್ ಅನ್ನಿ. ಎಲ್ಲರೂ ಹಾಗೇ ಕರೆಯೋದು.”

“ಎಲ್ಲರೂ ಕರೀಲಿ. ನಾನಂತೂ ಕರೆಯಲ್ಲ!”

ಹೊಲಿಗೆ ಹಾಕುತ್ತಿದ್ದ ಸೂಜಿ ಒಂದು ಕ್ಷಣ ನಿಂತಿತು. ಅವಳ ಕೆನ್ನೆ ಬಿಸಿಯಾಯಿತು.

ಅಲ್ಲಿಂದ ಶುರುವಾಯಿತು ಇಬ್ಬರ ಭೇಟಿ. ಆದರೆ ಎಷ್ಟು ಅಪರೂಪ! ಅವಳಿಗೆ ಆರು ದಿನಕ್ಕೊಂದು ರಜೆ, ಅವನಿಗೆ ಎಂಟು ದಿನಕ್ಕೊಂದು. ಉಳಿದ ದಿನ ಅವನು ಪಂಪ್‌ಹೌಸ್ ಬಿಟ್ಟು ಬರುವಂತಿಲ್ಲ. ಅಲ್ಲಿ ಫೋನಿಗೆ ಸಿಗ್ನಲ್ ಸಿಗುವುದೂ ಅಪರೂಪ. ಇಬ್ಬರಿಗೂ ಒಟ್ಟಿಗೆ ರಜೆ ಸಿಗುತ್ತಿದ್ದದ್ದು ಇಪ್ಪತ್ತನಾಲ್ಕು ದಿನಕ್ಕೊಮ್ಮೆ.

ಆ ಒಂದು ದಿನಕ್ಕಾಗಿ ಅವಳು ಉಳಿದ ಇಪ್ಪತ್ತಮೂರು ದಿನ ಕಾಯುತ್ತಿದ್ದಳು. ಅವನೆದುರು ಮಾತ್ರ ಹೇಳಿಕೊಂಡಿರಲಿಲ್ಲ.

ಅವಳಿದ್ದದ್ದು ಅಕ್ಕನ ಮನೆಯಲ್ಲಿ. ನಾಲ್ಕನೇ ಭೇಟಿಯಾಗಿ ಎರಡೇ ದಿನಕ್ಕೆ, ಊಟಕ್ಕೆ ಕೂತಿದ್ದ ಭಾವ ಮಾತೆತ್ತಿದರು. ಪಂಪ್‌ಹೌಸಿನವರ ಡ್ಯೂಟಿ ಚಾರ್ಟ್ ಬರೆಯುವವರು ಅವರೇ.

“ಆ ಮೆಕ್ಯಾನಿಕ್‌ಗೆ ತಲೆ ಕೆಟ್ಟಿದೆ. ಏಳು ದಿನಕ್ಕೆ ರಜೆ ಇರೋ ಗುಂಪಿಗೆ ಹಾಕಿ ಅಂತ ಕೈ ಮುಗಿದು ಕೇಳ್ದ. ಹಳೇ ಎಂಜಿನ್ ಹತ್ರ ಕೆಲಸ, ಸದ್ದಿಗೆ ಕಿವಿ ಹೋಗತ್ತೆ. ಯಾರೂ ಒಪ್ಪಲ್ಲ ಅದಕ್ಕೆ. ಇವ್ನು ಬಿಡಲಿಲ್ಲ, ಹಾಕ್ಬಿಟ್ಟೆ.”

ಅವಳು ತುತ್ತನ್ನು ತಟ್ಟೆಗೇ ಇಟ್ಟು ಬೆರಳೆಣಿಸಿದಳು.

ವಾರ್ಡಿನ ಚಾರ್ಟ್ ಬರೆದು ಪಳಗಿದವಳು ಅವಳು. ಆರರ ಅಪವರ್ತ್ಯಗಳು... ಆರು, ಹನ್ನೆರಡು, ಹದಿನೆಂಟು... ಏಳರವು ಏಳು, ಹದಿನಾಲ್ಕು, ಇಪ್ಪತ್ತೊಂದು... ಎರಡೂ ಸೇರುವುದು ನಲವತ್ತೆರಡಕ್ಕೆ!

‘ನನ್ನಿಂದ ದೂರ ಆಗೋಕೆ ಕಿವಿ ಕಳ್ಕೊಳ್ಳೋಕೂ ತಯಾರಾ...?’

ಅವನು ಎರಡು ಸಲ ಫೋನ್ ಮಾಡಿದ. ಅವಳು ಎತ್ತಲಿಲ್ಲ. ದೂರದ ಊರಿನ ಆಸ್ಪತ್ರೆಗೆ ವರ್ಗಾವಣೆ ಕೇಳಿ ಅರ್ಜಿ ಬರೆದಳು.

ಅರ್ಜಿ ಕೊಡಬೇಕೆಂದುಕೊಂಡ ದಿನ, ವಾರ್ಡಿನ ಕಿಟಕಿಯಿಂದ ಹೊರಗೆ ನೋಡಿದರೆ... ಇಬ್ಬರೂ ಯಾವಾಗಲೂ ಸೇರುತ್ತಿದ್ದ ಬಸ್ ಸ್ಟಾಪಿನ ಕಲ್ಲುಬೆಂಚಿನ ಮೇಲೆ ಅವನು! ಮಧ್ಯಾಹ್ನವಾದರೂ ಕದಲಿರಲಿಲ್ಲ.

ಊಟದ ಬಿಡುವಿನಲ್ಲಿ ಅವಳು ಬಿರಬಿರನೆ ಹೋದಳು.

“ಯಾಕೆ ಬಂದ್ರಿ?”

“ಬೆಳಿಗ್ಗೆಯಿಂದ ಕಾಯ್ತಿದ್ದೀನಿ. ನಿಮಗೆ ಇವತ್ತು ರಜೆ ಅಲ್ವಾ? ಇಪ್ಪತ್ತೊಂದನೇ ದಿನ!”

“ಏನು ಇಪ್ಪತ್ತೊಂದು?”

“ಎಂಟಾದಾಗ ಮೂರೆಂಟ್ಲೆ ಇಪ್ಪತ್ತನಾಲ್ಕು. ಏಳಾದ್ರೆ ಮೂರೇಳ್ಲೆ ಇಪ್ಪತ್ತೊಂದು. ಮೂರು ದಿನ ಮುಂಚೆ ನಿಮ್ಮನ್ನ ನೋಡಬಹುದು ಅಂತ... ಫೋನ್ ಮಾಡಿದ್ರೆ ನೀವು ಎತ್ತಲಿಲ್ಲ, ಬಂದೇ ಹೇಳೋಣ ಅಂತ ಸುಮ್ನಾದೆ.”

ಅವಳು ಅವನನ್ನೇ ನೋಡಿದಳು. ಮೂರು ದಿನಕ್ಕೋಸ್ಕರ... ಆ ಸದ್ದಿನಲ್ಲಿ...!

ಎದೆಯ ಮೇಲಿದ್ದ ಬಂಡೆ ಉರುಳಿದಂತಾಯಿತು. ನಗು, ಅಳು ಒಟ್ಟಿಗೇ ಉಕ್ಕಿ ಅವಳು ಬೆಂಚಿನ ಮೇಲೆ ಕುಸಿದು ಕೂತಳು.

“ಏಳು ಅವಿಭಾಜ್ಯ ಸಂಖ್ಯೆ ಕಣ್ರೀ! ಒಂದು, ಏಳು ಬಿಟ್ರೆ ಅದಕ್ಕೆ ಬೇರೆ ಅಪವರ್ತನವೇ ಇಲ್ಲ. ಆರಕ್ಕೂ ಅದಕ್ಕೂ ಏನೂ ನಂಟಿಲ್ಲ. ನಲವತ್ತೆರಡು ದಿನ ಕಾಯ್ಬೇಕಿತ್ತು!”

ಅವನ ಮುಖ ಬಿಳುಚಿಕೊಂಡಿತು. “ಅಯ್ಯೋ... ಹಾಗಾದ್ರೆ ಏನು ಕೇಳ್ಬೇಕಿತ್ತು?”

“ಒಂಬತ್ತು. ಆರನ್ನೂ ಒಂಬತ್ತನ್ನೂ ಮೂರು ಭಾಗಿಸತ್ತಲ್ಲ, ಹದಿನೆಂಟಕ್ಕೇ ಸೇರ್ತಿದ್ವಿ.”

“ಜಾಸ್ತಿ ದುಡಿದ್ರೆ ಬೇಗ ಸಿಗ್ತೀರಾ? ಇದ್ಯಾವ ನ್ಯಾಯ!”

ಅವಳು ಕಣ್ಣೊರೆಸಿಕೊಂಡು ನಕ್ಕಳು. ಜೇಬಿನಲ್ಲಿದ್ದ ಅರ್ಜಿಯನ್ನು ತೆಗೆದು ನಾಲ್ಕು ಚೂರು ಮಾಡಿದಳು.

“ರೀ, ದಿನಾ ನೋಡ್ಬೇಕು ಅಂದ್ರೆ ಯಾವ ಗುಂಪು ಸೇರ್ಬೇಕು?” ಅವನು ಅವಳತ್ತ ತಿರುಗಿ ಕೂತ. “ನಿಮ್ಮನ್ನ ಬಿಟ್ಟಿರೋಕೆ ನನ್ನ ಕೈಲಿ ಆಗ್ತಿಲ್ಲ.”

“ನನ್ನ ಕೈಲೂ...” ಅವಳು ತಲೆತಗ್ಗಿಸಿದಳು. “ಅದಕ್ಕೆ ಗುಂಪು ಬೇಡ. ಮನೆಗೆ ಬಂದು ಅಕ್ಕ-ಭಾವನ್ನ ಕೇಳಿ.”

“ಇವತ್ತೇ ಬರ್ತೀನಿ!”

“ನಂಗೆ ಡ್ಯೂಟಿ ಮುಗಿಯೋದು ಐದಕ್ಕೆ.”

“ಕಾಯ್ತೀನಿ.”

“ಊಟ?”

ಅವನು ಇಲ್ಲವೆಂದು ತಲೆಯಾಡಿಸಿದ. ಅವಳು ತನ್ನ ಡಬ್ಬಿಯನ್ನು ಅವನ ಮಡಿಲಲ್ಲಿಟ್ಟು ಎದ್ದಳು.

“ಅರ್ಧ ನನಗೆ ಉಳಿಸ್ಬೇಡಿ. ಪೂರ್ತಿ ತಿನ್ನಿ... ಭಾವನ ಮುಂದೆ ಮಾತಾಡೋಕೆ ಶಕ್ತಿ ಬೇಕು!”