ನಳಿಕೆ ಇಳಿದ ಮೇಲಿನ ದನಿ

ಈ ಸಂಗತಿ ಕೇಳಿದವರು ಮಂಪರಿನ ಔಷಧದ ಭ್ರಮೆ ಎನ್ನುತ್ತಾರೆ. ಔಷಧ ಹೋಗಿದ್ದು ರೋಗಿಯ ಮೈಗೆ, ನನ್ನ ಮೈಗಲ್ಲ.

ನಾನು ಬಾಗಲಕೋಟೆಯಲ್ಲಿ ಅರಿವಳಿಕೆ ವೈದ್ಯೆ. ಗುಟ್ಕಾ ತಿಂದು ಬಾಯಿ ಬಿಗಿದವರಿಗೆ ಆಪರೇಷನ್ನಿಗೆ ಮುಂಚೆ, ಎಚ್ಚರವಿರುವಾಗಲೇ, ಮೂಗಿನಿಂದ ಉಸಿರಿನ ನಳಿಕೆ ಇಳಿಸಬೇಕು. ಆಗ ಕೊಡುವ ಎರಡು ಮಂಪರಿನ ಔಷಧಗಳಲ್ಲಿ ಯಾವುದು ಮೇಲೆಂದು ಹೋಲಿಸುತ್ತಿದ್ದೆವು. ಮಂಪರು ಎಷ್ಟಿದೆಯೆಂದು ತಿಳಿಯಲು ಆಗಾಗ ಹೆಸರು ಹಿಡಿದು ಕರೆಯುವುದು ನಮ್ಮ ಪದ್ಧತಿ.

ಅಂದು ಟೇಬಲ್ ಮೇಲಿದ್ದವನು ಇಳಕಲ್ಲಿನಲ್ಲಿ ಕಲ್ಲು ಪಾಲಿಶ್ ಮಾಡುವ ಅಮಾತೆಪ್ಪ.

“ಅಮಾತೆಪ್ಪಾ, ಎಚ್ಚರ ಅದೀರೇನ್ರಿ?”

“ಹೂಂ ರೀ, ಎಚ್ಚರ ಅದೀನಿ.”

ನಳಿಕೆ ಧ್ವನಿತಂತುಗಳನ್ನು ದಾಟಿತು. ದಾಟಿದ ಮೇಲೆ ಯಾರಿಗೂ ದನಿ ಬರುವುದಿಲ್ಲ. ರೂಢಿಯಂತೆ ಮತ್ತೆ ಕರೆದೆ.

“ಹೂಂ ರೀ, ಎಚ್ಚರ ಅದೀನಿ.”

“ಮೇಡಂ, ಟ್ಯೂಬ್ ತಪ್ಪೇತೇನ್ರಿ?” ಎಂದಳು ನರ್ಸ್ ಶೀಲಾ. ತಪ್ಪಿರಲಿಲ್ಲ, ಉಸಿರು ನಳಿಕೆಯಲ್ಲೇ ಆಡುತ್ತಿತ್ತು. ಆತನ ತುಟಿ ಅಲುಗಿರಲಿಲ್ಲ. ನನ್ನ ಕಿವಿಯ ಹತ್ತಿರ ಮಾತ್ರ ಹಸಿ ಕಲ್ಲಿನಂಥ ತಣ್ಣನೆ ಗಾಳಿ. ಬೇಗ ಬೇಗ ಪೂರ್ತಿ ಅರಿವಳಿಕೆ ಕೊಟ್ಟೆ.

ಆಪರೇಷನ್ ಮುಗಿದು, ನಳಿಕೆ ತೆಗೆದು, ಪಕ್ಕದ ಕೋಣೆಗೆ ಸಾಗಿಸಿದೆವು. ಅಮಾತೆಪ್ಪ ಕಣ್ಣು ಬಿಟ್ಟ. ಹೆಸರು ಕರೆದೆ. ತುಟಿ ಆಡಿಸಿದ, ದನಿ ಹೊರಡಲಿಲ್ಲ.

ಬಾಗಿಲಾಚೆ, ಶೀಲಾ ಚಾದರ ಬದಲಿಸುತ್ತಿದ್ದ ಖಾಲಿ ಟೇಬಲ್ಲಿನಿಂದ ಉತ್ತರ ಬಂತು.

“ಹೂಂ ರೀ, ಎಚ್ಚರ ಅದೀನಿ.”