ದುಂಡಗಿನ ಚಿನ್ನ

ಪಿಸ್ತೂಲಿನ ತುದಿ ನನ್ನ ಕಿವಿಯ ಹಿಂದೆ ತಣ್ಣಗೆ ಕೂತಿತ್ತು.

ಹಿಡಿದವನನ್ನು ಎಲ್ಲರೂ ಗಿಡ್ಡ ಅಂತಾರೆ. ಬೆರಳು ಟ್ರಿಗರ್ ಮೇಲೆ. ಮಾತು ಮಾತ್ರ ನನ್ನ ಭಾವನ ಜೊತೆ!

"ಸರ್... ನನ್ನ ಉಂಗುರದ ಕಲ್ಲು ಒರಿಜಿನಲ್ಲಾ?"

"ಗಾಜು," ಎಂದರು ಭಾವ.

ಗಿಡ್ಡ ಪಿಸ್ತೂಲನ್ನು ಇನ್ನಷ್ಟು ಒತ್ತಿದ. ನನ್ನ ಜೀವ ಬಾಯಿಗೆ ಬಂತು. ಪಿಸ್ತೂಲು ಹಿಡಿದವನಿಗೆ ಇಂಥ ಸುದ್ದಿ ಹೇಳುವ ಹೊತ್ತೇ ಇದು? ನೀವೇ ಹೇಳಿ ಸ್ವಾಮಿ!

ಭಾವ ಅಂದರೆ ನನ್ನ ಅಕ್ಕನ ಗಂಡ. ಭೂವಿಜ್ಞಾನಿ. ಕಲ್ಲಿನ ಬಗ್ಗೆ ಯಾರು ಏನೇ ಕೇಳಿದರೂ ಉತ್ತರ ಹೇಳದೆ ಇರಲಾರರು. ಸುಳ್ಳಂತೂ ಬಾರದು. ಬೆಳಿಗ್ಗೆ ಗಣಿ ಕಂಪನಿಯ ಕಾರು ಬಂದು ಅವರನ್ನು ಎತ್ತಿಹಾಕಿಕೊಂಡು ಹೋಗಿತ್ತು. ಜನರ ಫಜೀತಿ ಬಿಡಿಸುವುದು ನನ್ನ ಕಸುಬು. ಅಕ್ಕ ಫೋನಿನಲ್ಲಿ ಎರಡೇ ಮಾತು ಹೇಳಿದ್ದಳು. "ಜೀವಂತ ಕರ್ಕೊಂಡ್ ಬಾ. ದಾರೀಲಿ ಕಲ್ಲು ಎತ್ಕೊಳ್ಳೋಕೆ ಬಿಡಬೇಡ."

ಬಂದೆ. ಸಿಕ್ಕಿಬಿದ್ದೆ.

ತಗಡಿನ ಶೆಡ್ಡು. ನಾನು ಮಂಡಿಯೂರಿದ್ದ ಗೋಡೆಯುದ್ದಕ್ಕೂ ಟ್ರೇಗಳು, ಟ್ರೇಗಳಲ್ಲಿ ನೆಲ ಕೊರೆದು ತೆಗೆದ ಕಲ್ಲಿನ ದಿಂಡುಗಳು. ಮೇಜಿನ ಮೇಲೆ ಅದೇ ಕಲ್ಲನ್ನು ಕುಟ್ಟಿದ ಪುಡಿ. ಪುಡಿಯಲ್ಲಿ ಹಳದಿ ಮಿನುಗು. ಪಕ್ಕದ ಹಾಲ್‌ನಲ್ಲಿ ಶೇರು ಕೊಳ್ಳಲು ಬಂದವರ ಗದ್ದಲ.

ಗಣಿಯ ಯಜಮಾನ ಟೈ ಸರಿಮಾಡಿಕೊಂಡ. "ಸರ್, ಆ ಹಾಲ್‌ಗೆ ಹೋಗಿ ಒಂದೇ ಮಾತು ಹೇಳಿ. ಈ ಕಲ್ಲಲ್ಲಿ ಚಿನ್ನ ಇದೆ ಅಂತ. ಇಲ್ಲಾಂದ್ರೆ ನಿಮ್ಮ ಬಾಮೈದ ಇರಲ್ಲ."

ಭಾವ ಲೆನ್ಸ್ ಹಿಡಿದು ಪುಡಿ ನೋಡಿದರು. "ಚಿನ್ನವೇ."

ಎಲ್ಲರೂ ಉಸಿರು ಬಿಟ್ಟೆವು.

"ಆದ್ರೆ ಈ ಕಲ್ಲಿಂದಲ್ಲ."

"ಅಯ್ಯೋ ಭಾವ!"

"ಅಲ್ಲ ಕಣೋ, ಕೇಳು! ಭೂಮಿ ಒಳಗಿನ ಬಿಸಿನೀರು ಬಂಡೆ ಬಿರುಕಲ್ಲಿ ಮೇಲೆ ಬರುತ್ತೆ. ಬರ್ತಾ ಬರ್ತಾ ಆರುತ್ತೆ. ಅದರಲ್ಲಿ ಕರಗಿದ್ದ ಚಿನ್ನ ಅಲ್ಲೇ ಉಳಿಯುತ್ತೆ. ಅಂಥದ್ದು ಅಂಕುಡೊಂಕು, ಮುಳ್ಳುಮುಳ್ಳು ಇರುತ್ತೆ. ಇದು ದುಂಡಗಿದೆ! ಹೊಳೇಲಿ ಉರುಳಿ ಉರುಳಿ ಸವೆದಿದ್ದು. ಇನ್ನೂರು ಮೀಟರ್ ಆಳದ ಬಂಡೆ ಒಳಗೆ ಹೊಳೆ ಹೇಗಪ್ಪ ಬಂತು?"

ಯಜಮಾನ ನಿಧಾನವಾಗಿ ಗಿಡ್ಡನ ಕಡೆ ತಿರುಗಿದ. "ಎಲ್ಲಿಂದ ತಂದ್ಯೋ?"

"ಅಗ್ಗದ್ದು ತಾ ಅಂದ್ರಲ್ಲ ಬಾಸ್! ಹೊಳೆ ಮರಳು ಜಾಲಿಸೋರ ಹತ್ರ ತಂದು ಬೆರೆಸ್ದೆ."

ಪಿಸ್ತೂಲು ಅರ್ಧ ಇಂಚು ಸರಿಯಿತು. ಸಾಕು! ಟ್ರೇಯಿಂದ ಒಂದು ದಿಂಡು ಎಳೆದು ಗಿಡ್ಡನ ಮೊಣಕಾಲಿಗೆ ಬಿಟ್ಟೆ.

"ಓಡಿ ಭಾವ!"

ಢಂ! ಟ್ರೇ ಸಿಡಿಯಿತು. ಕಲ್ಲಿನ ಚೂರು ಚೆಲ್ಲಾಪಿಲ್ಲಿ. ತಿರುಗಿ ನೋಡಿದರೆ ಭಾವ ಬಗ್ಗಿ ನಿಂತಿದ್ದಾರೆ!

"ಏನ್ ಮಾಡ್ತಿದೀರಿ?"

"ಒಂದ್ನಿಮಿಷ ಕಣೋ... ಗಾರ್ನೆಟ್ ಹರಳು!"

ಕಾಲರ್ ಹಿಡಿದು ಎಳೆದೆ. ಎದುರಿಗೆ ಸಿಕ್ಕ ಬಾಗಿಲನ್ನು ಒದ್ದು ಒಳಗೆ ನುಗ್ಗಿದೆ.

ತಪ್ಪು ಬಾಗಿಲು!

ಶೇರು ಕೊಳ್ಳುವವರ ಹಾಲ್. ಗುಂಡಿನ ಸದ್ದನ್ನು ಗಣಿಯ ಸಿಡಿಮದ್ದು ಅಂದುಕೊಂಡರೇನೋ, ಚಪ್ಪಾಳೆ ಬೇರೆ! ಹಿಂದೆಯೇ ಯಜಮಾನ ಬಂದ. ಮುಖದ ತುಂಬ ನಗು. ಕೋಟಿನ ಜೇಬಿನೊಳಗಿಂದ ಗಿಡ್ಡನ ಪಿಸ್ತೂಲು ನನ್ನ ಪಕ್ಕೆಗೆ.

ಮುಂದಿನ ಸಾಲಿನಲ್ಲಿದ್ದ ಹಲ್ಲಿನ ಡಾಕ್ಟರ್ ಕೈ ಎತ್ತಿದ. "ಸರ್, ಕಲ್ಲಿಗೂ ಖನಿಜಕ್ಕೂ ಏನು ವ್ಯತ್ಯಾಸ?"

ಮುಗೀತು ಕತೆ. ಭಾವನಿಗೆ ಪ್ರಶ್ನೆ ಸಿಕ್ಕಿತು!

"ಖನಿಜ ಇಟ್ಟಿಗೆ, ಕಲ್ಲು ಗೋಡೆ. ಹಾಗೆ ತಿಳ್ಕೊಳ್ಳಿ."

"ಅದಿರು ಅಂದ್ರೆ?"

"ಅಗೆದು, ಕರಗಿಸಿ, ಖರ್ಚು ಕಳೆದು ಲಾಭ ಉಳಿದ್ರೆ ಅದಿರು. ಉಳೀದಿದ್ರೆ ಬರೀ ಕಲ್ಲು."

"ಹಾಗಾದ್ರೆ ಇಲ್ಲಿರೋದು?"

ಪಿಸ್ತೂಲು ಪಕ್ಕೆಗೆ ಒತ್ತಿತು. ಭಾವ ನನ್ನನ್ನೇ ನೋಡಿದರು. ಅವರ ಕಣ್ಣಲ್ಲಿ ನೀರು. ನನಗೋಸ್ಕರ, ಜೀವಮಾನದಲ್ಲೇ ಮೊದಲ ಸಲ, ಒಂದು ಸುಳ್ಳು ಹೇಳಲು ತಿಣುಕಾಡಿದರು.

"ಅದು... ಅದು ಅದಿ..."

ಬರಲೇ ಇಲ್ಲ.

"ಬರೀ ಕಲ್ಲು!" ಎಂದುಬಿಟ್ಟರು. "ಚಿನ್ನ ಹೊಳೆಯದ್ದು. ಬೆರೆಸಿದ್ದಾರೆ!"

ನನಗೆ ಕೆಟ್ಟ ಸಿಟ್ಟು ಬಂತು. ಸಿಟ್ಟಿಗಿಂತ ಹೆಚ್ಚಾಗಿ ಆ ಮನುಷ್ಯನ ಮೇಲೆ ಪ್ರೀತಿ ಬಂತು. ಕಣ್ಣು ಮುಚ್ಚಿದೆ.

ಗುಂಡು ಬರಲಿಲ್ಲ. ಪ್ರಶ್ನೆ ಬಂತು.

"ಯಾವ ಹೊಳೆ?" ಹಲ್ಲಿನ ಡಾಕ್ಟರ್ ಎದ್ದು ನಿಂತಿದ್ದ. "ಹೊಳೆಗೆ ಶೇರು ಕೊಡ್ತೀರಾ?"

ಮೋಸ? ಯಾರಿಗೆ ಬೇಕು! ಕುರ್ಚಿ ಉರುಳಿಸಿಕೊಂಡು ಅಷ್ಟೂ ಜನ ಯಜಮಾನನ ಮೇಲೆ ಮುಗಿಬಿದ್ದರು... ಹೊಡೆಯುವುದಕ್ಕಲ್ಲ, ಹೊಳೆಯ ಶೇರು ಬುಕ್ ಮಾಡುವುದಕ್ಕೆ!

ಯಜಮಾನ ಜೇಬಿನಿಂದ ಕೈ ತೆಗೆದ. ಕೈಯಲ್ಲಿ ವಿಸಿಟಿಂಗ್ ಕಾರ್ಡ್!

"ಸರ್, ಎಂಥ ಐಡಿಯಾ ಕೊಟ್ರಿ! ನಮ್ಮಲ್ಲೇ ಕೆಲಸಕ್ಕೆ ಸೇರ್ಕೊಳ್ಳಿ. ಅಂದಹಾಗೆ, ಹೊಳೇಲಿ ಚಿನ್ನ ಎಲ್ಲೆಲ್ಲಿ ನಿಲ್ಲುತ್ತೆ?"

ಭಾವನ ಮುಖ ಅರಳಿತು. ಬಾಯಿ ತೆರೆದರು...

ಅಂಗೈಯಿಂದ ಆ ಬಾಯಿ ಮುಚ್ಚಿ, ಹಿಂಬಾಗಿಲಿನ ಕಡೆ ಎಳೆದುಕೊಂಡು ಓಡಿದೆ. ಈ ಸಲ ಗುಂಡಿಗೆ ಹೆದರಿ ಅಲ್ಲ ಸ್ವಾಮಿ... ಸಂಬಳಕ್ಕೆ ಹೆದರಿ!